ಮಾದರಿ ಓಣಿ

ನಮ್ಮ ಓಣಿಯನ್ನು ಹಾಳು ಮಾಡಿದವರು ನಾವೇ. ಗುಡಿಸಿ ಹಾಳು ಮಾಡಿದೆವು. ಹೇಳಿದರೆ ಜನ ನಗುತ್ತಾರೆ. ನಗಲಿ, ನಾನೂ ಒಂದೊಂದು ಸಲ ನಗುತ್ತೇನೆ. ಆಮೇಲೆ ಮೈಯೆಲ್ಲ ಉರಿಯುತ್ತದೆ.

ನಾವು ಊರು ಗುಡಿಸುವವರು. ನಾನು, ನನ್ನ ನಾದಿನಿ, ನನ್ನ ಸೊಸೆ, ಓಣಿಯ ಗಂಡು ಹೆಣ್ಣು ಎಲ್ಲರೂ. ಹೆಂಗಸರದು ಪೊರಕೆ, ಗಂಡಸರದು ಮೋರಿ. ಮೇಸ್ತ್ರಿ ನನ್ನನ್ನು ಕರೆಯುವುದು ಗಯ್ಯಾಳಿ ಅಂತ. ಹಾಜರಿ ಕೂಗುವಾಗಲೂ ಹಾಗೇ ಕೂಗುತ್ತಾನೆ. ಹೆಸರು ಕೆಟ್ಟರೂ ಹಾಜರಿ ಕೆಡಬಾರದು ಅಂತ ನಾನೂ ಓಗೊಡುತ್ತೇನೆ.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಊರಿನ ಯಾವ ಮೂಲೆಗೆ ಯಾವ ಸಾಹೇಬರು ಬರುತ್ತಾರೆಂದರೂ ಮೊದಲು ನಮ್ಮನ್ನು ಅಟ್ಟುತ್ತಾರೆ. ಬೆಳಕು ಹರಿಯುವುದರೊಳಗೆ ಕಸ ಗುಡಿಸಬೇಕು, ಸತ್ತ ನಾಯಿ ಎತ್ತಬೇಕು, ಮೋರಿಯ ಹೂಳು ಬಾಚಬೇಕು, ರಸ್ತೆಯ ಎರಡೂ ಬದಿಗೆ ಬ್ಲೀಚಿಂಗ್ ಪುಡಿಯ ಬಿಳಿ ಗೆರೆ ಎಳೆಯಬೇಕು. ಆಮೇಲೆ ನಾವೂ ಮಾಯವಾಗಬೇಕು. ಗಲೀಜೂ ಕಾಣಬಾರದು, ಗಲೀಜು ಎತ್ತಿದವರೂ ಕಾಣಬಾರದು. ಹೀಗಾಗಿ ಈ ಊರಿನ ಸಾಹೇಬರುಗಳು ಗಲೀಜನ್ನು ಕಣ್ಣಾರೆ ಕಂಡವರೇ ಅಲ್ಲ. ಎರಡು ಬಿಳಿ ಗೆರೆಗಳ ನಡುವೆ ಇರುವುದಕ್ಕೇ ಊರು ಅನ್ನುತ್ತಾರೆ ಅಂತ ಅವರು ತಿಳಿದಿದ್ದಾರೆ. ಅವರನ್ನು ಬೈದು ಏನು ಬಂತು, ಮುದ್ದು ಮಾಡಿ ಸಾಕಿದವರು ನಾವು.

ನಮ್ಮ ಓಣಿ ಇರುವುದು ಊರಿನ ತಗ್ಗಿನಲ್ಲಿ, ಪಂಪ್‌ಹೌಸಿನ ಮಗ್ಗುಲಿಗೆ. ಊರಿನ ಕಕ್ಕಸು, ಬಚ್ಚಲು, ಹೋಟೆಲು, ಆಸ್ಪತ್ರೆ, ಎಲ್ಲದರ ಕೊಳಚೆಯೂ ಅಲ್ಲಿನ ಬಾವಿಗೆ ಬಂದು ಬೀಳುತ್ತದೆ. ಅದನ್ನು ಮೋಟಾರು ಎತ್ತಿ ಊರಾಚೆಗೆ ತಳ್ಳಬೇಕು. ಮೋಟಾರು ಸುಟ್ಟುಹೋಯಿತು. ಬೇಸಿಗೆಯಲ್ಲಿ ಸುಟ್ಟದ್ದು ಮಳೆಗಾಲ ಬಂದರೂ ಹಾಗೇ ಇತ್ತು. ಮೋಟಾರು ಸುಟ್ಟಿದೆ ಅಂತ ಊರಿನವರು ಕಕ್ಕಸಿಗೆ ಹೋಗುವುದು ಬಿಡುತ್ತಾರೆಯೇ? ಬಾವಿ ತುಂಬಿ, ಓಣಿಗೆ ಇಳಿದು, ಹೊಸ್ತಿಲು ದಾಟಿ ಒಳಗೆ ಬಂತು. ನಾವು ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟೆವು, ಒಲೆಯನ್ನು ಕಟ್ಟೆಯ ಮೇಲೆ ಏರಿಸಿದೆವು.

ನಲ್ಲಿಯ ಕೊಳವೆ ಬರುವುದೂ ಅದೇ ಮೋರಿಯೊಳಗಿಂದ. ತುಕ್ಕು ಹಿಡಿದು ತೂತು ಬಿದ್ದಿತ್ತು. ನಲ್ಲಿ ತಿರುಗಿಸಿದರೆ ಮೊದಲು ಗಾಳಿ, ಆಮೇಲೆ ನಾತ, ಕೊನೆಗೆ ನೀರು. ಓಣಿಯ ಮಕ್ಕಳಿಗೆ ಒಬ್ಬರ ಹಿಂದೊಬ್ಬರಿಗೆ ಕಾಮಾಲೆ ಬಂತು. ನನ್ನ ಮೊಮ್ಮಗಳಿಗೂ ಬಂತು. ಪುಟ್ಟಿ ಅಂತ ಕರೆಯುತ್ತೇವೆ, ಇನ್ನೂ ಶಾಲೆಯ ಮೆಟ್ಟಿಲು ಹತ್ತಿಲ್ಲ. ಕಣ್ಣು ಹಳದಿ, ಉಗುರು ಹಳದಿ, ಉಚ್ಚೆ ಹಳದಿ. ಕುಡಿಸಿದ ಗಂಜಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಅದು ಸ್ವಲ್ಪ ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ ನನ್ನನ್ನೂ ಸೊಸೆಯನ್ನೂ ಪಕ್ಕಕ್ಕೆ ಕರೆದರು.

"ಈ ಸಲ ಮಗು ಉಳೀತು. ಇನ್ನೊಂದು ಸಲ ಬಂದ್ರೆ ಇದರ ಲಿವರ್ ತಡೆಯಲ್ಲಮ್ಮ. ಮತ್ತೆ ಆ ನೀರಿಗೆ ಕರ್ಕೊಂಡು ಹೋಗಬೇಡಿ."

"ಕಾಯಿಸಿ ಕೊಡ್ತೀವಿ ಡಾಕ್ಟ್ರೇ" ಅಂದಳು ಸೊಸೆ.

"ಕಾಯಿಸಿ ಸರಿ. ಆದ್ರೆ ಮಗು ಆಡೋದು ಎಲ್ಲಿ? ಕೈ ಬಾಯಿಗೆ ಹಾಕಲ್ವಾ?"

ಕುಡಿಯುವ ಲೋಟದಷ್ಟು ಕಾಯಿಸಬಹುದು. ಓಣಿಯನ್ನೇ ಎತ್ತಿ ಒಲೆಯ ಮೇಲೆ ಇಡುವಷ್ಟು ದೊಡ್ಡ ಪಾತ್ರೆ ನಮ್ಮಲ್ಲಿರಲಿಲ್ಲ. ಮಗು ಮನೆಗೆ ಬರುವುದರೊಳಗೆ ಮೋಟಾರು ಸರಿಯಾಗಲೇಬೇಕಿತ್ತು. ಅದಕ್ಕೇ ಮನವಿ ಬರೆಸಿಕೊಂಡು ಪುರಸಭೆಯ ಆಫೀಸಿಗೆ ಹೋದೆವು.

ಆ ಆಫೀಸಿನ ನೆಲ ಒರೆಸುವುದೂ ನಾವೇ. ದಿನಾ ಹಿಂಬಾಗಿಲಿನಿಂದ ಹೋಗಿ, ಗುಮಾಸ್ತ ಬಾಬುಗಳು ಬರುವುದರೊಳಗೆ ಅರ್ಧ ಕೆಲಸ ಮುಗಿಸುತ್ತೇವೆ. ಅವತ್ತು ಮುಂಬಾಗಿಲಿಗೆ ಹೋದೆವು. ಕಾವಲಿನವನು ಅಡ್ಡ ಬಂದ.

"ಹಿಂದ್ಗಡೆಯಿಂದ ಬಾರಮ್ಮ. ಇದೇನು ಹೊಸ ವರಸೆ?"

"ಇವತ್ತು ಗುಡಿಸೋಕೆ ಬಂದಿಲ್ಲಣ್ಣ. ಸಾಹೇಬ್ರನ್ನ ಕೇಳೋಕೆ ಬಂದಿದೀವಿ."

"ಕೇಳೋಕೆ ಬಂದೋರು ಪೊರಕೆ ಯಾಕೆ ತಂದ್ರಿ?"

ತಿರುಗಿ ನೋಡಿದರೆ ನಾದಿನಿಯ ಕಂಕುಳಲ್ಲಿ ಪೊರಕೆ. ಅವಳಿಗೇ ಗೊತ್ತಿರಲಿಲ್ಲ. ಆ ಕಟ್ಟಡದ ಕಡೆ ನಡೆದರೆ ಅವಳ ಕೈ ತಾನಾಗಿ ಪೊರಕೆ ಎತ್ತಿಕೊಳ್ಳುತ್ತದೆ. ಕಾವಲಿನವನಿಗೇ ಅದನ್ನು ಹಿಡಿದುಕೊಳ್ಳಲು ಕೊಟ್ಟು ಒಳಗೆ ಹೋದೆವು.

ಆರೋಗ್ಯಾಧಿಕಾರಿಗೆ ನಾವಿಟ್ಟ ಹೆಸರು ಕರವಸ್ತ್ರದ ಸಾಹೇಬ. ನಮ್ಮಲ್ಲಿ ಯಾರು ಎದುರು ಬಂದರೂ ಕರವಸ್ತ್ರ ಮೂಗಿಗೆ ಹೋಗುತ್ತದೆ. ನಾವು ಮಿಂದು ಬಂದಿದ್ದರೂ ಹೋಗುತ್ತದೆ. ಅವತ್ತೂ ಅದರೊಳಗಿಂದಲೇ ಮಾತಾಡಿದರು.

"ಏನು ಸಮಸ್ಯೆ?"

"ಕೊಳಚೆ ನೀರು ಮನೆಯೊಳಗೆ ಬರ್ತಿದೆ ಸ್ವಾಮಿ. ಮಕ್ಕಳಿಗೆಲ್ಲ ಕಾಮಾಲೆ" ಅಂದೆ.

"ಅದು ಕೊಳಚೆ ಅಲ್ಲಮ್ಮ. ಅದು ಹೆಚ್ಚುವರಿ ನೀರು."

ಅಳಿಯ ಅಲ್ಲವಂತೆ, ಮಗಳ ಗಂಡನಂತೆ.

"ಮೋಟಾರು ಸುಟ್ಟೋಗಿದೆ ಸಾಹೇಬ್ರೆ" ಅಂದ ಗುಂಡಿ ಮಾವ. ಗುಂಡಿ ಮಾವ ನಮ್ಮ ಓಣಿಗೇ ಹಿರಿಯ. ಊರಿನ ಒಂದೊಂದು ಗುಂಡಿಗೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವನು. ಅವನ ತಮ್ಮನೂ ಇಳಿದಿದ್ದ. ಮೇಲೆ ಬಂದದ್ದು ಹಗ್ಗ ಮಾತ್ರ.

"ನಮ್ಮ ದಾಖಲೆ ಪ್ರಕಾರ ಮೋಟಾರು ಓಡ್ತಿದೆ" ಅಂದರು ಸಾಹೇಬರು. ಆಮೇಲೆ ಬಾಬುಗಳ ಕಡೆ ತಿರುಗಿದರು. "ನೋಡ್ರಯ್ಯ, ಊರು ಕ್ಲೀನ್ ಮಾಡೋರೇ ಬಂದು ಗಲೀಜು ಅಂತಿದಾರೆ. ಅಡಿಗೆ ಭಟ್ಟ ಬಂದು ಹಸಿವು ಅಂದ ಹಾಗಾಯ್ತು."

ಬಾಬುಗಳು ನಕ್ಕರು. ಹೇಳಲು ನಾಚಿಕೆ, ನಾವೂ ನಕ್ಕೆವು. ಮೇಲಿನವರು ನಕ್ಕರೆ ನಗುವ ಚಟ ನಮಗೆ ಅಂಟಿಬಿಟ್ಟಿದೆ.

"ಆಯ್ತು, ಗುರುವಾರ ನಾನೇ ಖುದ್ದು ಬಂದು ನೋಡ್ತೀನಿ. ಹೋಗಿ."

ನಾವು ಕುಣಿಯುತ್ತ ಮನೆಗೆ ಬಂದೆವು. ಸಾಹೇಬರು ಖುದ್ದಾಗಿ ಬರುತ್ತಾರೆ, ನಮ್ಮ ಓಣಿಗೆ. ಕೆಟ್ಟದ್ದು ಅಲ್ಲೇ.

ಗುರುವಾರ ಬೆಳಿಗ್ಗೆ ಯಾರೂ ಯಾರಿಗೂ ಹೇಳಲಿಲ್ಲ. ಕೋಳಿ ಕೂಗುವ ಮುಂಚೆ ನನಗೆ ಎಚ್ಚರವಾಯಿತು. ಹೊರಗೆ ಬಂದರೆ ನಾದಿನಿ ಆಗಲೇ ಸೀರೆ ಎತ್ತಿ ಕಟ್ಟಿಕೊಂಡು ಬಕೆಟ್ಟಿನಲ್ಲಿ ಕೊಳಚೆ ಮೊಗೆದು ಕೆಳಗಿನ ಹಳ್ಳಕ್ಕೆ ಚೆಲ್ಲುತ್ತಿದ್ದಳು. ಅವಳನ್ನು ನೋಡಿ ನಾನೂ ಬಕೆಟ್ಟು ಹಿಡಿದೆ. ನನ್ನನ್ನು ನೋಡಿ ಎದುರುಮನೆಯವರು ಬಂದರು. ಓಣಿಯೇ ಎದ್ದಿತು. ಮೊಗೆದೆವು, ಬಾಚಿದೆವು, ಹೊತ್ತೆವು. ಬುಟ್ಟಿಯಿಂದ ಸೋರಿದ್ದು ಕತ್ತಿನ ಮೇಲೆ ಇಳಿದು ಬೆನ್ನಿಗೆ ಹೋಯಿತು. ಗುಂಡಿ ಮಾವ ಚಡ್ಡಿಯಲ್ಲಿ ಬಾವಿಗೆ ಇಳಿದ. ಗಂಟಲವರೆಗೆ ಮುಳುಗಿ, ಓಣಿಗೆ ಉಕ್ಕುವ ಕಿಂಡಿಗೆ ಗೋಣಿಚೀಲಗಳನ್ನು ತುರುಕಿದ. ಮೇಲೆ ಬಂದವನು ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗಿದ. ಮುಕ್ಕಳಿಸಿದ್ದೂ ಅದೇ ನಲ್ಲಿಯ ನೀರಿನಲ್ಲಿ.

"ಅತ್ತೆ" ಅಂದಳು ಸೊಸೆ, ಪೊರಕೆ ನಿಲ್ಲಿಸಿ. "ಇದನ್ನ ತೋರಿಸೋಕೇ ಅಲ್ವಾ ಅವರನ್ನ ಕರೆದಿದ್ದು? ನಾವ್ಯಾಕೆ ಗುಡಿಸ್ತಿದೀವಿ?"

"ಬಾಯಿ ಮುಚ್ಕೊಂಡು ಗುಡಿಸು. ಮನೆ ಬಾಗಿಲಿಗೆ ಬರೋರು ಏನಂದ್ಕೊಂಡಾರು?"

ಹೇಳಿದವಳು ನಾನೇ. ಹೇಳಿದ್ದಷ್ಟೇ ಅಲ್ಲ, ಮನೆಯಲ್ಲಿ ಉಳಿದಿದ್ದ ಪುಡಿ ತಂದು ಬಿಳಿ ಗೆರೆಯನ್ನೂ ಎಳೆದೆ. ಇಷ್ಟು ವರ್ಷದಲ್ಲಿ ಅಷ್ಟು ನೆಟ್ಟಗಿನ ಗೆರೆ ನನ್ನ ಕೈಯಲ್ಲಿ ಯಾವ ಮಂತ್ರಿಗೂ ಬಂದಿರಲಿಲ್ಲ.

ಸಾಹೇಬರು ಬಂದರು. ಕರವಸ್ತ್ರ ಹಿಡಿದೇ ಕಾರಿನಿಂದ ಇಳಿದರು. ಅತ್ತ ನೋಡಿದರು, ಇತ್ತ ನೋಡಿದರು. ಕರವಸ್ತ್ರ ಸ್ವಲ್ಪ ಸರಿಸಿ ಮೂಸಿದರು. ಆಮೇಲೆ ಅದನ್ನು ಮಡಿಸಿ ಜೇಬಿಗೆ ಇಟ್ಟರು.

"ನೀರು ಎಲ್ಲಿದೆಯಮ್ಮ?"

ಗುಂಡಿ ಮಾವ ಮೈಯಿಂದ ತೊಟ್ಟಿಕ್ಕುತ್ತ ನಿಂತಿದ್ದ. ಕೇಳಿದ ಪ್ರಶ್ನೆ ಅವನ ಕಿವಿಗೆ ಹೊಗಳಿಕೆಯಾಗಿ ಕೇಳಿಸಿರಬೇಕು. "ಎಲ್ಲಾ ತೆಗೆದ್ಬಿಟ್ವಿ ಸಾಹೇಬ್ರೆ" ಅಂದ, ಎದೆ ಉಬ್ಬಿಸಿ.

"ಭೇಷ್" ಅಂದರು ಸಾಹೇಬರು. ಬಿಳಿ ಗೆರೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ದೂರಿನಲ್ಲಿ ಹುರುಳಿಲ್ಲ ಅಂತ ಬರೆದುಕೊಂಡು ಹೋದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಯಾರ ಕೈ, ಯಾರ ಬಾಯಿ ಅನ್ನುವುದನ್ನು ಗಾದೆ ಮಾಡಿದವನು ಹೇಳಲಿಲ್ಲ. ಸಂಜೆಯೊಳಗೆ ಗೋಣಿಚೀಲ ಕಿತ್ತುಕೊಂಡು ನೀರು ಮತ್ತೆ ಒಳಗೆ ಬಂತು.

ವಾರದೊಳಗೆ ಮೇಸ್ತ್ರಿ ಒಂದು ಬೋರ್ಡು ತಂದ. ಹಸಿರು ಬಣ್ಣ, ಬಿಳಿ ಅಕ್ಷರ, 'ಮಾದರಿ ಓಣಿ'. ಮೀನಖಂಡದವರೆಗೆ ಕೊಳಚೆಯಲ್ಲಿ ನಿಂತು ಅದನ್ನು ಓಣಿಯ ಬಾಯಿಗೆ ಹೊಡೆದ.

"ನೆಟ್ಟಗಿದೆಯಾ ನೋಡೇ ಗಯ್ಯಾಳಿ."

"ಬೋರ್ಡು ನೆಟ್ಟಗಿದೆ" ಅಂದೆ.

ಮತ್ತೆ ಆಫೀಸಿಗೆ ಹೋದೆವು. ಸಾಹೇಬರು ತಲೆ ಎತ್ತಲೂ ಇಲ್ಲ. "ಮಾದರಿ ಓಣಿಯವರು ದೂರು ಕೊಡೋ ಹಾಗಿಲ್ಲ" ಅಂದರು. "ಬೇರೆ ಓಣಿಯವರು ನಿಮ್ಮನ್ನ ನೋಡಿ ಕಲೀಬೇಕು ಅಂತಿದೀವಿ. ನೀವೇ ಹೀಗಂದ್ರೆ ಹೇಗೆ?"

ದಾರಿಯಲ್ಲಿ ಸೊಸೆ ನನ್ನನ್ನು ಹಿಂದೆ ಬಿಟ್ಟು ಬಿರಬಿರ ನಡೆದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಯಲ್ಲಿ ಪುಟ್ಟಿ ಮಂಚದ ಮೇಲೆ ಕೂತು ರೊಟ್ಟಿ ತಿನ್ನುತ್ತಿತ್ತು. ಕಣ್ಣಿನ ಹಳದಿ ತಿಳಿಯಾಗಿತ್ತು. ಅದು ಗುಣವಾಗುತ್ತ ಬಂದಷ್ಟೂ ನಮಗೆ ಹೆದರಿಕೆ ಹೆಚ್ಚಿತು. ಗುಣವಾದರೆ ಮನೆಗೆ ಕಳಿಸುತ್ತಾರಲ್ಲ.

ಅಷ್ಟರಲ್ಲಿ ಬೋರ್ಡಿನ ಸುದ್ದಿ ಮೇಲಕ್ಕೆ ಹೋಗಿತ್ತು. ಮೇಲಿನ ದೊಡ್ಡ ಸಾಹೇಬರು ಮಾದರಿ ಓಣಿ ನೋಡಲು ಬರುತ್ತಾರೆ, ಕರವಸ್ತ್ರದ ಸಾಹೇಬರಿಗೆ ಬಡ್ತಿ ಇದೆ ಅಂತ ಮೇಸ್ತ್ರಿಯೇ ಬಾಯಿ ಬಿಟ್ಟ. ಅವರು ಬರುವ ದಿನ ಬೆಳಗಿನ ಜಾವ ಮೇಸ್ತ್ರಿ ತಳ್ಳುಗಾಡಿ ತುಂಬ ಬ್ಲೀಚಿಂಗ್ ಪುಡಿ, ಹೊಸ ಪೊರಕೆ, ಹೂವಿನ ಕುಂಡ ತಂದ. ರಬ್ಬರಿನ ಕೈಗವಸನ್ನೂ ತಂದಿದ್ದ. ನನ್ನ ಸರ್ವೀಸಿನಲ್ಲಿ ನಾನು ಕೈಗವಸು ಕಂಡದ್ದು ಅವತ್ತೇ ಮೊದಲು.

"ಸಾಹೇಬ್ರು ಹೋದ ಮೇಲೆ ವಾಪಸ್ ಕೊಡಬೇಕು" ಅಂದ. "ಹೂಂ, ಶುರು ಮಾಡಿ."

ಮೊದಲು ಕೂತವಳು ಸೊಸೆ. ಹೊಸ್ತಿಲ ಮೇಲೆ ಕೂತಳು, ಕಾಲು ಕೊಳಚೆಯಲ್ಲಿ ಬಿಟ್ಟು.

"ನಾನು ಗುಡಿಸಲ್ಲ."

ಅವಳು ಆರು ಮಾತಿಗೆ ಒಂದು ಮಾತಾಡುವವಳು. ಮೇಸ್ತ್ರಿ ನನ್ನ ಕಡೆ ನೋಡಿದ, ಅತ್ತೆ ಬುದ್ಧಿ ಹೇಳುತ್ತಾಳೆ ಅಂತ. ನಾನು ಹೋಗಿ ಅವಳ ಪಕ್ಕ ಕೂತೆ. ನಾದಿನಿಯ ಕೈ ಪೊರಕೆಯ ಕಡೆ ಹೋಗುತ್ತಿತ್ತು. ಅದನ್ನು ಕಿತ್ತುಕೊಂಡು ನನ್ನ ಅಡಿಗೆ ಹಾಕಿ ಕೂತುಬಿಟ್ಟೆ. ಕಡ್ಡಿ ಚುಚ್ಚಿದವು. ಗುಡಿಸುವುದು ಸುಲಭ ಸ್ವಾಮಿ, ಗುಡಿಸದೆ ಕೂರುವುದು ಕಷ್ಟ. ಕೈ ಕಡಿಯುತ್ತದೆ, ನಾಲ್ಕು ಜನ ಏನಂದಾರು ಅಂತ ಕಣ್ಣು ಬೀದಿಯ ಕಡೆಗೇ ಓಡುತ್ತದೆ. ಒಬ್ಬೊಬ್ಬರಾಗಿ ಓಣಿಯವರೆಲ್ಲ ತಂತಮ್ಮ ಹೊಸ್ತಿಲ ಮೇಲೆ ಕೂತರು.

"ಮಾವ, ನೀನಾದ್ರೂ ಇಳಿಯಪ್ಪ" ಅಂತ ಮೇಸ್ತ್ರಿ ಗುಂಡಿ ಮಾವನ ಕೈ ಹಿಡಿದ. ಇದುವರೆಗೆ ಅವನನ್ನು ಮಾವ ಅಂದವನಲ್ಲ. "ಆ ಕಿಂಡಿಗೆ ಗೋಣಿ ತುರುಕಿಬಿಡು. ಒಂದು ಗಂಟೆ ನಿಂತ್ರೆ ಸಾಕು."

"ಅವತ್ತು ತುರುಕಿ ಹಾಳಾದ್ವಿ. ಇವತ್ತು ನಾನು ಮನೆ ಯಜಮಾನ ಕಣಯ್ಯ. ನಮ್ಮನೆ ನೋಡೋಕೆ ಬರೋರಿಗೆ ನಮ್ಮನೆ ಇದ್ದ ಹಾಗೇ ತೋರಿಸ್ತೀನಿ. ನೀನು ಬೇಕಾದ್ರೆ ಇಳಿ. ಹಗ್ಗ ನಾನು ಹಿಡ್ಕೋತೀನಿ."

ಮೇಸ್ತ್ರಿ ಬಾವಿಯ ಒಳಗೆ ಬಗ್ಗಿ ನೋಡಿ ಹಿಂದಕ್ಕೆ ಸರಿದ. ತಾನೇ ಪುಡಿ ಎರಚಿದ. ಪುಡಿ ಕೊಳಚೆಯ ಮೇಲೆ ತೇಲುತ್ತ ಹೋಯಿತು. ಕುಂಡಗಳೂ ಹಿಂದೆಯೇ ಹೊರಟವು.

ಕಾರು ಬಂತು. ದೊಡ್ಡ ಸಾಹೇಬರು ಬೋರ್ಡು ಓದುತ್ತ ಕಾಲು ಕೆಳಗಿಟ್ಟರು. ಬೂಟು ಮುಳುಗಿತು, ಕಾಲುಚೀಲ ಮುಳುಗಿತು. ಕರವಸ್ತ್ರದ ಸಾಹೇಬರು ಹತ್ತಿರ ಹೋಗಿ ಪಿಸುಗುಟ್ಟಿದರು. "ಬೇಕಂತಲೇ ಮಾಡಿದಾರೆ ಸರ್. ಗುಡಿಸದೆ ಕೂತಿದಾರೆ."

ದೊಡ್ಡ ಸಾಹೇಬರು ಬೈದದ್ದು ಅವರಿಗಲ್ಲ, ನಮಗೆ. "ನಾಚಿಕೆ ಆಗಲ್ವಾ ನಿಮಗೆ? ನಿಮ್ಮ ಗಲೀಜು ನೀವು ಎತ್ಕೊಳ್ಳೋಕೆ ಆಗಲ್ವಾ?"

ಎದ್ದು ನಿಲ್ಲಬೇಕು ಅನ್ನಿಸಿತು, ಅದೂ ಚಟ. ಕೂತೇ ಹೇಳಿದೆ.

"ಇದು ನಮ್ಮದಲ್ಲ ಸ್ವಾಮಿ, ನಿಮ್ಮದು. ಮೇಲಿನ ಬೀದಿಗಳಿಂದ ಬಂದಿದ್ದು. ನಮ್ಮದು ಇಷ್ಟೊಂದು ಇರಲ್ಲ. ಇಷ್ಟು ಹೋಗಬೇಕು ಅಂದ್ರೆ ಅಷ್ಟು ತಿನ್ನಬೇಕಲ್ಲ."

ಯಾರೋ ಕಿಸಕ್ಕನೆ ನಕ್ಕರು. ದೊಡ್ಡ ಸಾಹೇಬರು ಒದ್ದೆ ಬೂಟಿನಲ್ಲೇ ಕಾರು ಹತ್ತಿದರು. ಮಧ್ಯಾಹ್ನ ಮೇಸ್ತ್ರಿ ಆಜ್ಞೆ ತಂದ. ಓಣಿಯವರು ಯಾರೂ ನಾಳೆಯಿಂದ ಕೆಲಸಕ್ಕೆ ಬರಕೂಡದು. ಕೈಗವಸು ಎಣಿಸಿ ವಾಪಸ್ ತೆಗೆದುಕೊಂಡು ಹೋದ. ಅವತ್ತು ಯಾರ ಮನೆಯಲ್ಲೂ ಊಟ ಸೇರಲಿಲ್ಲ. ಮೊಂಡು ಬಿದ್ದು ಮಾಡಿದ್ದೇನೋ ಸರಿ, ಹೊಟ್ಟೆಗೇನು? ನನಗೂ ಭಯವಾಗಿತ್ತು. ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನವೇ ಆಸ್ಪತ್ರೆಯಲ್ಲಿ ಪುಟ್ಟಿಯನ್ನು ಕರೆದುಕೊಂಡು ಹೋಗಿ ಅಂದರು. ಬೇರೆ ಮಕ್ಕಳು ಹಾಸಿಗೆಗೆ ಕಾಯುತ್ತಿದ್ದವು, ಅವೂ ನಮ್ಮ ಓಣಿಯವೇ. ಸೊಸೆ ಮಗುವನ್ನು ಎತ್ತಿಕೊಂಡಳು, ನಾನು ಗಂಟು ಎತ್ತಿಕೊಂಡೆ. ರಸ್ತೆ ಕವಲೊಡೆಯುವ ಕಡೆ ಅವಳು ನಿಂತಳು. ಎಡಕ್ಕೆ ಹೋದರೆ ನಮ್ಮ ಓಣಿ, ಬಲಕ್ಕೆ ಹೋದರೆ ಆಫೀಸು.

"ಎಲ್ಲಿಗೆ ಅತ್ತೆ?"

"ಒಳ್ಳೆ ನೀರಿರೋ ಕಡೆ" ಅಂದೆ.

ಆಫೀಸಿನ ಹಾಲಿನಲ್ಲಿ ನೀರು ಶುದ್ಧ ಮಾಡುವ ಯಂತ್ರ ಇದೆ. ಒಂದು ಕಡೆ ತಣ್ಣಗಿನದು, ಒಂದು ಕಡೆ ಬಿಸಿಯದು. ಅದರ ಮೈ ಒರೆಸಿ ಒರೆಸಿ ನನ್ನ ಕೈ ಸವೆದಿದೆ, ಒಂದು ಲೋಟವೂ ಕುಡಿದಿರಲಿಲ್ಲ. ನಮಗೆ ಹೊರಗಿನ ನಲ್ಲಿ. ಯಂತ್ರದ ಎದುರಿಗೆ, ಆಫೀಸಿಗೆ ಬಂದವರು ಕೂರುವ ಬೆಂಚು. ಅದರ ಮೇಲೂ ಕೂತಿರಲಿಲ್ಲ. ಕೂತೆವು. ನಾನು ಲೋಟ ತುಂಬಿಸಿ ಪುಟ್ಟಿಗೆ ಕೊಟ್ಟೆ. ಅದು ಗಟಗಟ ಕುಡಿದು "ಇನ್ನೂ" ಅಂದಿತು.

ಕರವಸ್ತ್ರದ ಸಾಹೇಬರು ಓಡಿ ಬಂದರು. "ಇದೇನಿದು? ಇದು ಆಫೀಸು, ನಿಮ್ಮ ಮನೆ ಅಲ್ಲ."

"ಗೊತ್ತು ಸ್ವಾಮಿ. ಮನೆ ಆಗಿದ್ರೆ ನೆಲ ಹೀಗೆ ಒಣಗಿರ್ತಿರಲಿಲ್ಲ. ಮಗೂನ ಒಳ್ಳೆ ನೀರಿನ ಕಡೆ ಇಡಿ ಅಂತ ಡಾಕ್ಟರಮ್ಮ ಹೇಳಿದಾರೆ. ಮೋಟಾರು ಓಡೋವರೆಗೂ ಇದು ಇಲ್ಲೇ ಇರುತ್ತೆ. ಅಜ್ಜಿ ಜೊತೆಗಿರ್ತಾಳೆ, ಕೆಲಸ ಹೇಗೂ ಇಲ್ಲ."

ಸಂಜೆಯ ಹೊತ್ತಿಗೆ ನಾದಿನಿ ಚಾಪೆ ಹಿಡಿದು ಬಂದಳು. ಪೊರಕೆ ತಂದಿರಲಿಲ್ಲ. ಅವಳ ಹಿಂದೆ ಓಣಿಯ ತಾಯಂದಿರು, ಹಳದಿ ಕಣ್ಣಿನ ಮಕ್ಕಳನ್ನು ಕಂಕುಳಲ್ಲಿ ಹೊತ್ತು. ಗುಂಡಿ ಮಾವ ಬಂದು ಬೆಂಚಿನ ತುದಿಯಲ್ಲಿ ಕೂತ. ಸಾಹೇಬರು ಪೊಲೀಸರನ್ನು ಕರೆಸಿದರು. ಮಕ್ಕಳನ್ನು ಮುಟ್ಟಿದರೆ ಕಾಮಾಲೆ ಅಂಟುತ್ತದೆ ಅಂತ ಪೊಲೀಸರು ಬಾಗಿಲಲ್ಲೇ ನಿಂತು ಚಹಾ ಕುಡಿದು ಹೋದರು.

ಆಫೀಸು ಗುಡಿಸುವವರಿಲ್ಲ. ದಿನ ಕಳೆದಂತೆ ಬಾಬುಗಳ ಊಟದ ಪೊಟ್ಟಣಗಳು ಮೂಲೆ ಸೇರಿದವು, ಮೂಲೆಯಿಂದ ನಡುವಿಗೆ ಬಂದವು. ಕಕ್ಕಸು ಕಟ್ಟಿಕೊಂಡಿತು. ಅದಕ್ಕೆ ನೀರು ಹಾಕುವುದು ಯಾವ ಶಾಖೆಯ ಜವಾಬ್ದಾರಿ ಅಂತ ಎರಡು ಶಾಖೆಯವರು ಜಗಳಾಡಿದರು. ಬಾಬುಗಳೆಲ್ಲ ಕರವಸ್ತ್ರ ಹಿಡಿದು ಓಡಾಡತೊಡಗಿದರು. ಒಬ್ಬ ಬಾಬು ನನ್ನ ಹತ್ತಿರ ಬಂದು ಗುಟ್ಟಾಗಿ, "ಅಕ್ಕ, ಸ್ವಲ್ಪ ನೋಡಿ" ಅಂದ. "ಅದು ಕೊಳಚೆ ಅಲ್ಲಪ್ಪ, ಹೆಚ್ಚುವರಿ ನೀರು" ಅಂದೆ. ಪಾಪ, ಒಳ್ಳೆಯ ಹುಡುಗ, ಆದರೂ ಅಂದೆ.

ಮೋಟಾರು ಬಂತು. ಆಫೀಸಿನ ನಾತ ತಡೆಯಲಾರದೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರು, ನಲ್ಲಿಯ ಕೊಳವೆಯನ್ನೂ ಬದಲಾಯಿಸಿದರು. ನಮ್ಮನ್ನು ಕೆಲಸಕ್ಕೂ ಕರೆದರು, ನಮ್ಮನ್ನು ಬಿಟ್ಟರೆ ಆ ಕೆಲಸಕ್ಕೆ ಬೇರೆ ಯಾರು ಬರುತ್ತಾರೆ? ಆರೋಗ್ಯಾಧಿಕಾರಿಗಳ ಸತತ ಪ್ರಯತ್ನದಿಂದ ಮೋಟಾರು ಬಂತು ಅಂತ ಪತ್ರಿಕೆಯಲ್ಲಿ ಬಂದಿದೆಯಂತೆ. ಬರಲಿ. ಪುಟ್ಟಿ ಈಗ ಓಣಿಯಲ್ಲಿ ಕುಣಿಯುತ್ತಿದೆ. ಅದೆಲ್ಲ ಆಮೇಲಿನ ಮಾತು. ನಾನು ಹೇಳಬೇಕೆಂದದ್ದು ಮೋಟಾರು ಬರುವ ಮುಂಚಿನ ಆ ಬೆಳಿಗ್ಗೆಯದು.

ಅವತ್ತು ದೊಡ್ಡ ಸಾಹೇಬರು ಆಫೀಸಿಗೇ ಬರುವವರಿದ್ದರು. ಕರವಸ್ತ್ರದ ಸಾಹೇಬರು ಎಲ್ಲರಿಗಿಂತ ಮುಂಚೆ ಬಂದರು. ಮೇಸ್ತ್ರಿಗೆ ಫೋನು ಮಾಡಿದರು, ಮೇಸ್ತ್ರಿಗೆ ಜ್ವರವಂತೆ. ಕಾವಲಿನವನನ್ನು ಕರೆದರು, ಅವನು ಗೇಟು ಬಿಟ್ಟು ಬರುವ ಹಾಗಿಲ್ಲವಂತೆ. ಹಿಂದಿನ ಕೋಣೆಗೆ ಹೋಗಿ ಪೊರಕೆ ತಂದರು. ಒಂದು ಕೈ ಮೂಗಿಗೆ, ಒಂದು ಕೈ ಪೊರಕೆಗೆ. ಹಾಗೆ ಗುಡಿಸಲು ಬರುವುದಿಲ್ಲ. ಕರವಸ್ತ್ರ ಜೇಬಿಗೆ ಹೋಯಿತು. ಎರಡೂ ಕೈಯಲ್ಲಿ ಪೊರಕೆ ಹಿಡಿದು, ಬೆನ್ನು ಬಗ್ಗಿಸಿ, ಗುಡಿಸುತ್ತ ಗುಡಿಸುತ್ತ ನಮ್ಮ ಬೆಂಚಿನವರೆಗೆ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮ ಮುಖ ನೋಡಲಿಲ್ಲ.

"ಏಳಿ. ಇಲ್ಲಿ ಗುಡಿಸಬೇಕು."

ಆ ಹಾಲಿನಲ್ಲಿ ನಾನು ಇಷ್ಟು ವರ್ಷ ಗುಡಿಸಿದ್ದೇನೆ. ನನಗಾಗಿ ಒಬ್ಬರೂ ಕುರ್ಚಿ ಬಿಟ್ಟು ಎದ್ದವರಲ್ಲ. ಅವರು ಮಾತು ನಿಲ್ಲಿಸುವುದಿಲ್ಲ, ಬಗ್ಗಿ ನೋಡುವುದಿಲ್ಲ, ಪೊರಕೆ ಹತ್ತಿರ ಬಂದಾಗ ಕಾಲು ಎತ್ತುತ್ತಾರೆ. ನಾನು ಆ ಕಾಲುಗಳ ಕೆಳಗೆ ತಲೆ ತೂರಿಸಿ ಕಸ ಎಳೆದುಕೊಳ್ಳುತ್ತೇನೆ.

ಗುಂಡಿ ಮಾವ ಏಳಲು ಹೊರಟ. ಅವನ ತೊಡೆಯ ಮೇಲೆ ಕೈ ಇಟ್ಟು ಕೂರಿಸಿದೆ.

"ಗುಡಿಸಿ ಸ್ವಾಮಿ" ಅಂದೆ. "ನಾವು ಕಾಲು ಎತ್ಕೋತೀವಿ."

ಎತ್ತಿಕೊಂಡೆವು. ನಾನು, ಸೊಸೆ, ನಾದಿನಿ, ಗುಂಡಿ ಮಾವ. ಪುಟ್ಟಿಯ ಕಾಲು ನೆಲಕ್ಕೆ ಎಟುಕುತ್ತಲೇ ಇರಲಿಲ್ಲ. ಆದರೂ ಅದೂ ಎತ್ತಿಕೊಂಡಿತು.